ಭಾನುವಾರದ ಆರಾಧನೆ, ಸೋಮವಾರದ ಮನೆ: ವಿಶ್ವಾಸವನ್ನು ದಿನಚರಿಗೆ ಹೊಂದಿಸಿಕೊಳ್ಳುವ ಬಗೆ

ಊರು ಬಿಟ್ಟು ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಬಂದ ಕ್ರೈಸ್ತ ಯುವಕರು, ಹೊಸದಾಗಿ ಸಂಸಾರ ಹೂಡಿದ ದಂಪತಿಗಳು, ಮಕ್ಕಳನ್ನು ಭಾನುವಾರ ಶಾಲೆಗೆ ಕಳಿಸಿದರೆ ತಮ್ಮ ಕೆಲಸ ಮುಗಿಯಿತೇ ಎಂದು ಒಳಗೊಳಗೇ ಕಸಿವಿಸಿಪಡುವ ತಂದೆತಾಯಂದಿರು ನನ್ನನ್ನು ಕೇಳುವ ಪ್ರಶ್ನೆ ಸುತ್ತಿ ಬಳಸಿ ಒಂದೇ ಆಗಿರುತ್ತದೆ: ವಾರಕ್ಕೊಮ್ಮೆ ದೇವಾಲಯಕ್ಕೆ ಹೋಗಿ ಬರುತ್ತೇವೆ, ಉಳಿದ ಆರು ದಿನ ಏನು ಮಾಡಬೇಕು? ಇನ್ನಷ್ಟು ಪ್ರಾರ್ಥಿಸಿ ಎಂದು ಹೇಳಿ ಕೈತೊಳೆದುಕೊಳ್ಳಬಹುದು, ಆದರೆ ಆ ಮಾತನ್ನು ಅವರು ಈಗಾಗಲೇ ಹತ್ತಾರು ಪ್ರಸಂಗಗಳಲ್ಲಿ ಕೇಳಿರುತ್ತಾರೆ, ಕೇಳಿಯೂ ಎರಡನೇ ವಾರಕ್ಕೆ ಕೈಬಿಟ್ಟಿರುತ್ತಾರೆ. ವಿಶ್ವಾಸದ ಬದುಕು ಸಡಿಲವಾಗುವುದು ಭಕ್ತಿ ಕಡಿಮೆಯಾಗಿ ಅಲ್ಲ, ಅದಕ್ಕೊಂದು ಗಂಟೆ, ತಾರೀಕು, ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಗೊತ್ತುಮಾಡದೆ ಬಿಡುವುದರಿಂದ ಎಂಬುದು ನನ್ನ ಅನುಭವ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಮನೆಯಲ್ಲಿ ಈಗಾಗಲೇ ನಡೆಯುತ್ತಿರುವ ಸಂಗತಿಗಳಿಗೆ, ಅಂದರೆ ರಾತ್ರಿಯ ಊಟ, ತಿಂಗಳ ಸಂಬಳ, ಕೆಲಸದಾಕೆಯ ಕೂಲಿ, ಪಕ್ಕದ ಮನೆಯ ಹಬ್ಬ, ಇವಕ್ಕೆ ಅಂಟಿಸಿಕೊಂಡ ಹಂತಗಳೇ.

ನಾನು ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್, ಸಭೆಯವನಾದ್ದರಿಂದ ನನ್ನ ಮಾತಿನಲ್ಲಿ ಆ ಕಡೆಯ ಪದಗಳು ಹೆಚ್ಚು ಬರುತ್ತವೆ. ಕಥೋಲಿಕ ಓದುಗರು ಸಭಾಪಾಲಕರು ಎಂದಲ್ಲಿ ಧರ್ಮಗುರುಗಳು ಎಂದೂ, ಆರಾಧನೆ ಎಂದಲ್ಲಿ ಬಲಿಪೂಜೆ ಎಂದೂ, ಸಭೆ ಎಂದಲ್ಲಿ ಧರ್ಮಕೇಂದ್ರ ಎಂದೂ ಓದಿಕೊಂಡರೆ ಬಹುಪಾಲು ಸರಿಹೋಗುತ್ತದೆ. ವ್ಯತ್ಯಾಸ ಇರುವಲ್ಲಿ ಹೇಳಿದ್ದೇನೆ.

ಬೇಕಾಗುವ ಸಾಮಗ್ರಿ

ಓದಲು ಅಕ್ಷರ ದೊಡ್ಡದಾಗಿರುವ ಒಂದು ಸತ್ಯವೇದ (ಬೈಬಲ್), ನಿಮ್ಮ ಸಭೆಯಲ್ಲಿ ಬಳಸುವ ಗೀತೆಗಳ ಪುಸ್ತಕ, ನೂರು ಪುಟದ ಒಂದು ನೋಟ್‌ಬುಕ್, ಎರಡು ಕಾಗದದ ಲಕೋಟೆ, ದಿನಕ್ಕೆ ಹದಿನೈದು ನಿಮಿಷ. ಸತ್ಯವೇದ ಮೊಬೈಲಿನಲ್ಲೂ ಸಿಗುತ್ತದೆ, ನಿಜ. ಆದರೆ ಮನೆಮಂದಿಯೆಲ್ಲ ಕೂತು ಓದುವಾಗ ಅಚ್ಚಿನ ಪುಸ್ತಕವೇ ಇರಲಿ, ಏಕೆಂದರೆ ಮೊಬೈಲಿನಲ್ಲಿ ಮಾರ್ಕನ ಸುವಾರ್ತೆ ತೆರೆದಿರುವಾಗಲೇ ಮೇಲಿನಿಂದ ಇನ್ನೊಂದು ಸಂದೇಶ ಇಳಿದು ಬಂದು ಕೂರುತ್ತದೆ.

1. ಮೊದಲು ಒಂದು ಸಭೆಯ ಸದಸ್ಯರಾಗಿ

ಊರು ಬದಲಿಸಿದವರು ಮಾಡುವ ಮೊದಲ ತಪ್ಪು ಇಲ್ಲೇ ಇದೆ. ಈ ವಾರ ಹತ್ತಿರದ ದೇವಾಲಯ, ಮುಂದಿನ ವಾರ ಹಾಡು ಚೆನ್ನಾಗಿರುವ ದೇವಾಲಯ, ಮಳೆ ಬಂದರೆ ಯೂಟ್ಯೂಬ್ ಎಂದು ವರ್ಷಗಟ್ಟಲೆ ತಿರುಗಾಡುತ್ತಾರೆ. ಹೀಗೆ ತಿರುಗುವವರಿಗೆ ಪ್ರಸಂಗಗಳು ಬೇಕಾದಷ್ಟು ಸಿಗುತ್ತವೆ, ಆದರೆ ಜ್ವರದಲ್ಲಿ ಮಲಗಿದಾಗ ಬಾಗಿಲು ತಟ್ಟುವವರು ಸಿಗುವುದಿಲ್ಲ, ತಪ್ಪು ಮಾಡಿದಾಗ ಕರೆದು ಕೂರಿಸಿ ಹೇಳುವವರೂ ಸಿಗುವುದಿಲ್ಲ. ಎರಡು ತಿಂಗಳು ಬೇಕಾದರೆ ನಾಲ್ಕೈದು ಕಡೆ ಹೋಗಿ ನೋಡಿ, ಆಮೇಲೆ ಒಂದನ್ನು ಗೊತ್ತುಮಾಡಿ.

ಊರಿನ ಸಭಾಪಾಲಕರಿಂದ ವರ್ಗಾವಣೆ ಪತ್ರವನ್ನು, ಅಂದರೆ ನೀವು ಇಂಥ ಸಭೆಯ ದೀಕ್ಷಾಸ್ನಾನ ಪಡೆದ ಸದಸ್ಯರು ಎಂದು ತಿಳಿಸುವ ಪತ್ರವನ್ನು, ತಂದು ಹೊಸ ಸಭೆಗೆ ಕೊಡಿ. ಇದನ್ನು ಮುಂದೂಡಿದವರು ಮದುವೆಯ ಸಮಯದಲ್ಲಿ ಪರದಾಡುತ್ತಾರೆ. ಮದುವೆಗೆ ಮುಂಚೆ ಆರಾಧನೆಯಲ್ಲಿ ಮೂರು ಭಾನುವಾರ ಪ್ರಕಟಣೆ ಓದಬೇಕಾದಾಗ, ಯಾವ ಸಭೆಯಲ್ಲಿ ಓದಬೇಕು ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ. ಕಥೋಲಿಕರಲ್ಲಿ ಮದುವೆಗೆ ಇತ್ತೀಚೆಗೆ ಬರೆಸಿದ ಸ್ನಾನದೀಕ್ಷೆಯ ಪತ್ರ ಬೇಕಾಗುತ್ತದೆ, ಹತ್ತು ವರ್ಷದ ಹಿಂದಿನ ಪ್ರತಿ ಸಾಮಾನ್ಯವಾಗಿ ನಡೆಯುವುದಿಲ್ಲ.

ಸದಸ್ಯರಾದ ಮೇಲೆ ದೊಡ್ಡ ಸಭೆಯೊಳಗಿನ ಒಂದು ಚಿಕ್ಕ ಗುಂಪಿಗೂ ಸೇರಿಕೊಳ್ಳಿ. ನಮ್ಮಲ್ಲಿ ಬಡಾವಣೆವಾರು ಮನೆಕೂಟಗಳಿರುತ್ತವೆ, ಮಂಗಳೂರು ಕಡೆಯ ಕಥೋಲಿಕರಲ್ಲಿ ವಾಡೊಗಳೂ ಅವುಗಳನ್ನು ನೋಡಿಕೊಳ್ಳುವ ಗುರ್ಕಾರರೂ ಇರುತ್ತಾರೆ. ಮುನ್ನೂರು ಜನರ ನಡುವೆ ಮೂರು ವಾರ ಕಾಣದಿದ್ದರೆ ಯಾರಿಗೂ ಗೊತ್ತಾಗದು, ಹತ್ತು ಮನೆಗಳ ಕೂಟದಲ್ಲಿ ಒಂದು ವಾರ ತಪ್ಪಿದರೂ ಫೋನ್ ಬರುತ್ತದೆ.

2. ಆರಾಧನೆಗೆ ಶನಿವಾರವೇ ಅಣಿಯಾಗಿ

ಇದು ಚಿಕ್ಕ ಹಂತ. ಭಾನುವಾರ ಓದುವ ಸತ್ಯವೇದ ಭಾಗಗಳು ಮೊದಲೇ ನಿಗದಿಯಾಗಿರುತ್ತವೆ. ಅವುಗಳ ಪಟ್ಟಿಗೆ ಲೆಕ್ಷನರಿ, ಅಂದರೆ ವಾಚನ ಪಟ್ಟಿ, ಎನ್ನುತ್ತಾರೆ. ಕಥೋಲಿಕ ಪಟ್ಟಿ ಮೂರು ವರ್ಷಗಳ ಸುತ್ತಿನದು: ಒಂದು ವರ್ಷ ಮುಖ್ಯವಾಗಿ ಮತ್ತಾಯ, ಮರುವರ್ಷ ಮಾರ್ಕ, ಮೂರನೆಯ ವರ್ಷ ಲೂಕ. ಸಿ.ಎಸ್.ಐ.ಗೆ ಪ್ರತ್ಯೇಕ ಪಟ್ಟಿಯಿದೆ, ಪ್ರತಿ ಭಾನುವಾರಕ್ಕೂ ಒಂದು ವಿಷಯ ಗೊತ್ತುಮಾಡಿರುತ್ತಾರೆ. ಶನಿವಾರ ರಾತ್ರಿ ಆ ಭಾಗಗಳನ್ನು ಒಮ್ಮೆ ಓದಿಕೊಂಡು ಹೋದವರಿಗೆ ಪ್ರಸಂಗ ಕೇಳುವುದು ಬೇರೆಯದೇ ಅನುಭವವಾಗುತ್ತದೆ. ಪ್ರಸಂಗದಲ್ಲಿ ಹಿಡಿಸಿದ ಒಂದೇ ಒಂದು ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪುಟ ತುಂಬಾ ಬರೆದವರು ಮತ್ತೆ ತೆರೆದು ನೋಡಿದ್ದನ್ನು ನಾನು ಕಂಡಿಲ್ಲ.

ಪಾಳಿಯ ಮೇಲೆ ಕೆಲಸ ಮಾಡುವ ನರ್ಸುಗಳು, ಚಾಲಕರು, ಹೋಟೆಲಿನವರು ಭಾನುವಾರ ಬಿಡುವಿಲ್ಲವೆಂದು ಅಪರಾಧಭಾವದಿಂದ ನರಳಬೇಕಿಲ್ಲ. ಕಥೋಲಿಕರಿಗೆ ಶನಿವಾರ ಸಂಜೆಯ ಬಲಿಪೂಜೆ ಭಾನುವಾರದ್ದೆಂದೇ ಲೆಕ್ಕ. ಅನೇಕ ಸಭೆಗಳಲ್ಲಿ ಬೆಳಗಿನ ಜಾವದ ಅಥವಾ ಸಂಜೆಯ ಆರಾಧನೆ ಇರುತ್ತದೆ. ಕುವೈತಿನಂಥ ಕಡೆ ದುಡಿಯುವವರು ವಾರದ ರಜೆಯಾದ ಶುಕ್ರವಾರವೇ ಕೂಡಿ ಆರಾಧಿಸುತ್ತಾರೆ.

3. ಮನೆಯಲ್ಲಿ ಹದಿನೈದು ನಿಮಿಷ

ಓದುಗರು ಅತಿ ಹೆಚ್ಚು ಎಡವುವ ಹಂತ ಇದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಗಂಟೆ ಗೊತ್ತುಮಾಡುವಾಗ ಹೊಸ ಗಂಟೆಯನ್ನು ಹುಡುಕಬೇಡಿ, ಈಗಾಗಲೇ ಎಲ್ಲರೂ ಒಂದೆಡೆ ಇರುವ ಹೊತ್ತಿಗೆ ಅಂಟಿಸಿ. ಬಹಳ ಮನೆಗಳಲ್ಲಿ ಅದು ರಾತ್ರಿ ಊಟಕ್ಕೆ ಮುಂಚಿನ ಹೊತ್ತು. ಊಟವಾದ ಮೇಲೆ ಎಂದುಕೊಂಡವರ ಮನೆಯಲ್ಲಿ ಮಕ್ಕಳು ತೂಕಡಿಸುತ್ತಾರೆ, ದೊಡ್ಡವರು ಆಕಳಿಸುತ್ತಾರೆ, ಹದಿನೈದು ದಿನದಲ್ಲಿ ರೂಢಿ ತಪ್ಪುತ್ತದೆ. ಕುಕ್ಕರಿನ ಕೊನೆಯ ಸೀಟಿ ಕೂಗಿ ಅದರ ಆವಿ ಇಳಿಯುವಷ್ಟು ಹೊತ್ತು ಸಾಕು ಎಂದು ಒಬ್ಬ ತಾಯಿ ನನಗೆ ಹೇಳಿದ್ದು ಈ ವಿಷಯದಲ್ಲಿ ನಾನು ಕೇಳಿದ ಅತ್ಯುತ್ತಮ ಸಲಹೆ: ಅನ್ನ ಕಾಯುತ್ತಿರುವುದರಿಂದ ಯಾರೂ ಪ್ರಾರ್ಥನೆಯನ್ನು ಎಳೆಯುವುದಿಲ್ಲ.

ಕ್ರಮ ಹೀಗಿರಲಿ. ಟಿ.ವಿ. ಆರಿಸಿ, ಮೊಬೈಲುಗಳನ್ನು ಬೇರೆ ಕೋಣೆಯಲ್ಲಿಡಿ, ಚಾಪೆ ಹಾಸಿ ಕೂತುಕೊಳ್ಳಿ. ಒಂದು ಗೀತೆ, ಅದೂ ಎರಡೇ ಚರಣ. ಹತ್ತರಿಂದ ಹನ್ನೆರಡು ವಚನಗಳ ಓದು. ಓದಿದ್ದರ ಬಗ್ಗೆ ಒಂದು ಪ್ರಶ್ನೆ, ಎರಡು ನಿಮಿಷದ ಮಾತು. ಆಮೇಲೆ ಮನೆಯ ಪ್ರತಿಯೊಬ್ಬರೂ ಒಂದೊಂದು ವಾಕ್ಯದ ಪ್ರಾರ್ಥನೆ. ಕೊನೆಗೆ ಕರ್ತನು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಾಗಿ ಹೇಳಿ ಮುಗಿಸುವುದು. ಜಪಸರದ ರೂಢಿಯಿರುವ ಮನೆಗಳಲ್ಲಿ ದಿನಕ್ಕೆ ಒಂದೇ ದಶಕ, ಅಂದರೆ ಹತ್ತು ಮಣಿಗಳ ಒಂದು ಭಾಗ, ಹೇಳಿ ಅದರ ಜೊತೆ ಓದನ್ನು ಸೇರಿಸಿಕೊಳ್ಳಬಹುದು.

ಎಲ್ಲಿಂದ ಓದಬೇಕು? ಆದಿಕಾಂಡದಿಂದ ಶುರುಮಾಡಿ ಇಡೀ ಸತ್ಯವೇದ ಮುಗಿಸುತ್ತೇವೆಂದು ಹೊರಡುವವರು ವಿಮೋಚನಕಾಂಡದ 25ನೆಯ ಅಧ್ಯಾಯದವರೆಗೆ ಹುರುಪಿನಿಂದ ಬರುತ್ತಾರೆ, ಗುಡಾರದ ಅಳತೆಗಳು ಆರಂಭವಾದೊಡನೆ ತಡವರಿಸುತ್ತಾರೆ, ಯಾಜಕಕಾಂಡದಲ್ಲಿ ನಿಂತುಬಿಡುತ್ತಾರೆ. ಮಾರ್ಕನ ಸುವಾರ್ತೆಯಿಂದ ಆರಂಭಿಸಿ. ಅದು ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, 16 ಅಧ್ಯಾಯ, ಸುಮಾರು 680 ವಚನ. ದಿನಕ್ಕೆ ಹನ್ನೊಂದರಂತೆ ಓದಿದರೆ ಎರಡು ತಿಂಗಳಲ್ಲಿ ಮುಗಿಯುತ್ತದೆ. ಆಮೇಲೆ ಲೂಕ, ಅದಾದ ಮೇಲೆ ಅಪೊಸ್ತಲರ ಕೃತ್ಯಗಳು. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯಗಳಿರುವುದರಿಂದ ಆಯಾ ತಾರೀಕಿನ ಅಧ್ಯಾಯವನ್ನು ಬೆಳಿಗ್ಗೆ ಬಸ್ಸಿನಲ್ಲೋ ಮೆಟ್ರೋದಲ್ಲೋ ಒಬ್ಬರೇ ಓದಿಕೊಳ್ಳಲು ಅನುಕೂಲ.

ಪ್ರಶ್ನೆ ಕೇಳುವುದು ಹೇಗೆಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ. ಮಾರ್ಕ 2ನೆಯ ಅಧ್ಯಾಯದಲ್ಲಿ ನಾಲ್ವರು ಸೇರಿ ಪಾರ್ಶ್ವವಾಯು ರೋಗಿಯೊಬ್ಬನನ್ನು ಹೊತ್ತು ತರುತ್ತಾರೆ, ಜನಸಂದಣಿಯಿಂದಾಗಿ ಒಳಗೆ ಹೋಗಲಾಗದೆ ಮಾಳಿಗೆ ಬಿಚ್ಚಿ ಹಾಸಿಗೆಯನ್ನು ಕೆಳಗಿಳಿಸುತ್ತಾರೆ. ಇದನ್ನು ಓದಿದ ಮೇಲೆ ಇದರಿಂದ ನಾವು ಕಲಿಯುವ ಪಾಠವೇನು ಎಂದು ಕೇಳಿದರೆ ಮಗು ಶಾಲೆಯಲ್ಲಿ ಒಪ್ಪಿಸುವಂಥ ಉತ್ತರವನ್ನೇ ಕೊಡುತ್ತದೆ. ಅದರ ಬದಲು, ಆ ಮನೆಯ ಯಜಮಾನನಿಗೆ ಹೇಗನಿಸಿರಬಹುದು, ಮರುದಿನ ಆ ಮಾಳಿಗೆಯನ್ನು ಯಾರು ಸರಿಮಾಡಿಸಿರಬೇಕು ಎಂದು ಕೇಳಿ ನೋಡಿ. ಒಂಬತ್ತು ವರ್ಷದ ಹುಡುಗನೊಬ್ಬ ಈ ಪ್ರಶ್ನೆಗೆ ತುಸು ಯೋಚಿಸಿ, ಆ ನಾಲ್ಕು ಜನರೇ ಬಂದು ಮಾಡಿಸಿರುತ್ತಾರೆ, ಇಲ್ಲದಿದ್ದರೆ ಅವರು ಒಳ್ಳೆಯವರಾಗುವುದು ಹೇಗೆ ಎಂದ. ಸತ್ಯವೇದದಲ್ಲಿ ಆ ಉತ್ತರವಿಲ್ಲ, ಆದರೆ ಆ ಮನೆಯವರು ಆ ರಾತ್ರಿ ಊಟ ಮಾಡುತ್ತಲೂ ಅದೇ ಮಾತನ್ನು ಮುಂದುವರಿಸಿದರು.

ಎಚ್ಚರಿಕೆಗಳು ಎರಡು. ಪ್ರಾರ್ಥನೆಯ ಹೊತ್ತನ್ನು ಮಕ್ಕಳ ತಪ್ಪುಗಳ ಪಟ್ಟಿ ಒಪ್ಪಿಸುವ ಹೊತ್ತನ್ನಾಗಿ ಮಾಡಬೇಡಿ. 'ಕರ್ತನೇ, ಇವನಿಗೆ ಗಣಿತದಲ್ಲಿ ಗಮನ ಕೊಡು' ಎಂದು ತಾಯಿ ಪ್ರಾರ್ಥಿಸಿದರೆ ಮಗನಿಗೆ ಅದು ದೇವರಿಗೆ ಹೇಳಿದ ಮಾತಾಗಿ ಕೇಳಿಸುವುದಿಲ್ಲ, ತನಗೆ ಬೈದ ಬೈಗುಳವಾಗಿ ಕೇಳಿಸುತ್ತದೆ. ಎರಡನೆಯದು, ಗಂಡ ಅಥವಾ ಹೆಂಡತಿ ಬೇರೆ ಧರ್ಮದವರಾಗಿದ್ದರೆ ಅಥವಾ ಪ್ರಾರ್ಥನೆಗೆ ಕೂರಲು ಮನಸ್ಸಿಲ್ಲದವರಾಗಿದ್ದರೆ ಬಲವಂತ ಬೇಡ. ನೀವು ಒಬ್ಬರೇ ಚಾಪೆ ಹಾಸಿ ಕೂತುಕೊಳ್ಳಿ, ದನಿ ಎತ್ತರಿಸಬೇಡಿ.

4. ಹಣದ ಲೆಕ್ಕ

ದಶಮಾಂಶ ಎಂದರೆ ಆದಾಯದ ಹತ್ತರಲ್ಲೊಂದು ಭಾಗವನ್ನು ದೇವರ ಕೆಲಸಕ್ಕೆ ಮೀಸಲಿಡುವ ಹಳೆಯ ಒಡಂಬಡಿಕೆಯ ಪದ್ಧತಿ. ಅದು ಇಂದಿಗೂ ಕಡ್ಡಾಯವೇ ಎಂಬ ವಿಷಯದಲ್ಲಿ ಸಭೆಗಳ ನಡುವೆ ಒಮ್ಮತವಿಲ್ಲ, ನಾನು ಆ ವಾದಕ್ಕೆ ಇಳಿಯುವುದಿಲ್ಲ. ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ ಮೊದಲನೆಯ ಪತ್ರದ ಕೊನೆಯ ಅಧ್ಯಾಯದಲ್ಲಿ ಹೇಳಿದ ವಿಧಾನ ಸರಳವಾಗಿದೆ: ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ಒಂದಿಷ್ಟನ್ನು ತೆಗೆದಿಟ್ಟುಕೊಳ್ಳಲಿ. ಇದರಲ್ಲಿ ಮುಖ್ಯವಾದದ್ದು ಮೊದಲೇ ತೆಗೆದಿಡುವುದು. ತಿಂಗಳ ಕೊನೆಗೆ ಉಳಿದದ್ದನ್ನು ಕೊಡುತ್ತೇವೆ ಎಂದರೆ ಉಳಿಯುವುದಿಲ್ಲ.

ಸಂಬಳ ಬಂದ ದಿನವೇ ಎರಡು ಲಕೋಟೆಗಳಲ್ಲಿ ಹಣವನ್ನು ಹಾಕಿಡಿ. ಒಂದು ಸಭೆಯದು: ಮಾಸಿಕ ಚಂದಾ ಮತ್ತು ಭಾನುವಾರಗಳ ಕಾಣಿಕೆ. ಇನ್ನೊಂದು ನೆರವಿನದು: ಆಸ್ಪತ್ರೆ ಸೇರಿದವರಿಗೆ, ಶುಲ್ಕ ಕಟ್ಟಲಾಗದ ವಿದ್ಯಾರ್ಥಿಗೆ, ಕೇಳಿಕೊಂಡು ಬಂದವರಿಗೆ. ಕೈಗೆ ತಿಂಗಳಿಗೆ 30,000 ರೂಪಾಯಿ ಬರುವ, ಬಾಡಿಗೆ ಮನೆಯಲ್ಲಿರುವ ದಂಪತಿಗೆ ಆರಂಭದಲ್ಲಿ ಎರಡೂ ಸೇರಿ 1,500 ಇಡಿ ಎಂದು ನಾನು ಹೇಳುತ್ತೇನೆ, ಮುಂದಿನ ವರ್ಷ ಹೆಚ್ಚಿಸಿಕೊಳ್ಳಬಹುದು. ಉಮೇದಿನಲ್ಲಿ 3,000 ಎಂದು ಶುರುಮಾಡಿ ಮೂರನೇ ತಿಂಗಳು ಕ್ರೆಡಿಟ್ ಕಾರ್ಡಿನಿಂದ ಮನೆಯ ರೇಷನ್ ತರುವ ಸ್ಥಿತಿಗೆ ಬಂದವರನ್ನು ಕಂಡಿದ್ದೇನೆ. ನಗದು ಕೈಯಲ್ಲಿ ಇಲ್ಲದವರಿಗೂ ದಾರಿಯಿದೆ: ಮಿಜೋರಂನ ಕ್ರೈಸ್ತರು ಪ್ರತಿಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಿ ಸಭೆಗೆ ಕೊಡುವ ಪದ್ಧತಿಯನ್ನು ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ, ಕೇರಳದಲ್ಲಿ ಇದಕ್ಕೆ ಪಿಡಿಯರಿ ಎನ್ನುತ್ತಾರೆ. ನಮ್ಮ ಸಭೆಗಳ ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ, ತೆಂಗಿನಕಾಯಿ, ಕೋಳಿ ತಂದು ಹರಾಜಿಗಿಡುವುದೂ ಇದೇ ತೆರನಾದ ಕಾಣಿಕೆ.

ಈಗ ಕಷ್ಟದ ಮಾತು. ಊರಿನಲ್ಲಿರುವ ತಂದೆತಾಯಿಗೆ ಕಳಿಸಬೇಕಾದ ಹಣವನ್ನು ನಿಲ್ಲಿಸಿ ಸಭೆಗೆ ಕೊಡುವುದು ಭಕ್ತಿಯೆಂದು ಕೆಲವರು ತಿಳಿದಿದ್ದಾರೆ. ಮಾರ್ಕ 7ನೆಯ ಅಧ್ಯಾಯವನ್ನು ಅವರು ಓದಬೇಕು. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮುಡಿಪು, ಎಂದು ಘೋಷಿಸಿ ಹೆತ್ತವರನ್ನು ಕೈಬಿಡುವವರನ್ನು ಯೇಸು ಅಲ್ಲಿ ನೇರವಾಗಿಯೇ ತರಾಟೆಗೆ ತೆಗೆದುಕೊಳ್ಳುತ್ತಾನೆ.

ಕೂಲಿಯ ವಿಷಯವೂ ಹೀಗೆಯೇ. ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದು ಎಂದು ಯಾಜಕಕಾಂಡ 19ನೆಯ ಅಧ್ಯಾಯ ಹೇಳುತ್ತದೆ, ತಡೆಹಿಡಿದ ಕೂಲಿ ದೇವರ ಕಿವಿಗೆ ಕೇಳುವಂತೆ ಕೂಗುತ್ತದೆ ಎಂಬ ಅರ್ಥದ ಮಾತು ಯಾಕೋಬನ ಪತ್ರದ 5ನೆಯ ಅಧ್ಯಾಯದಲ್ಲಿದೆ. ಆದರೂ ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವಾಕೆಯ ಸಂಬಳ ಚಿಲ್ಲರೆ ಇಲ್ಲ, ಎ.ಟಿ.ಎಂ.ಗೆ ಹೋಗಿಲ್ಲ, ನಾಳೆ ಬಾ ಎಂಬ ಮಾತುಗಳಲ್ಲಿ ಐದನೇ ತಾರೀಕಿಗೋ ಏಳಕ್ಕೋ ಹೋಗುತ್ತದೆ. 1ನೇ ತಾರೀಕು ಅಥವಾ ನೀವೇ ಒಪ್ಪಿಕೊಂಡ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತುಮಾಡಿ, ಹಿಂದಿನ ದಿನವೇ ಹಣ ತಂದಿಟ್ಟುಕೊಳ್ಳಿ. ಆಕೆ ಹುಷಾರಿಲ್ಲದೆ ಎರಡು ದಿನ ಬರದಿದ್ದರೆ ಕಡಿತ ಮಾಡುವ ಮುನ್ನ ನಿಮ್ಮ ಕಚೇರಿ ನಿಮಗೆ ವರ್ಷಕ್ಕೆ ಎಷ್ಟು ರಜೆ ಕೊಡುತ್ತದೆ ಎಂದು ಎಣಿಸಿಕೊಳ್ಳಿ. ಈ ಸಂಬಳ ಕೊಡದೆ ಭಾನುವಾರದ ಕಾಣಿಕೆ ಚೀಲಕ್ಕೆ 500ರ ನೋಟು ಹಾಕುವುದಕ್ಕಿಂತ ಆ ವಾರ ಚೀಲವನ್ನು ಸುಮ್ಮನೆ ಪಕ್ಕದವರಿಗೆ ದಾಟಿಸುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಡುವಾಗ ಮೋಸಹೋಗದಿರಲು: ಸಭೆಯ ಹೆಸರಿನ ಬ್ಯಾಂಕ್ ಖಾತೆಗೇ ಕೊಡಿ, ಬೋಧಕರ ಸ್ವಂತ ಮೊಬೈಲ್ ಸಂಖ್ಯೆಗೆ ಕಳಿಸಬೇಡಿ, ರಸೀದಿ ಕೇಳಿ ಪಡೆಯಿರಿ, ಇಷ್ಟು ಕೊಟ್ಟರೆ ಅಷ್ಟು ಪಟ್ಟು ಹಿಂದಿರುಗುತ್ತದೆ, ಸಾಲ ತೀರುತ್ತದೆ, ವೀಸಾ ಸಿಗುತ್ತದೆ ಎಂದು ಹೇಳಿ ಹಣ ಕೇಳುವವರಿಂದ ದೂರವಿರಿ. ಸಭೆಯ ವಾರ್ಷಿಕ ಲೆಕ್ಕಪತ್ರ ಓದುವ ದಿನ ಊಟಕ್ಕೆ ಮಾತ್ರ ಬರದೆ ಲೆಕ್ಕ ಕೇಳಲೂ ಬನ್ನಿ.

5. ಕೆಲಸದ ಜಾಗ

ಕರ್ನಾಟಕದ ಕರಾವಳಿಯಲ್ಲಿ ವಿಶ್ವಾಸಕ್ಕೂ ದುಡಿಮೆಗೂ ಹಳೆಯ ನಂಟಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು, ಕ್ರೈಸ್ತರಾದ ಕಾರಣಕ್ಕೆ ಕುಲಕಸುಬನ್ನೂ ನೆಲೆಯನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಬೇಕೆಂದು ನೇಯ್ಗೆ, ಮುದ್ರಣ, ಹೆಂಚಿನ ಕೆಲಸಗಳನ್ನು ಆರಂಭಿಸಿದರು. 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಹೆಂಚಿನ ಕಾರ್ಖಾನೆಯಿಂದಲೇ ಮಂಗಳೂರು ಹೆಂಚು ಹೆಸರಾಯಿತು. ಹೆಂಚು ಸೋರಿದರೆ ತಯಾರಿಸಿದವನ ಪ್ರಾರ್ಥನೆಯನ್ನು ಯಾರೂ ಕೇಳುವುದಿಲ್ಲವಲ್ಲ. ಕಚೇರಿಯಲ್ಲಿ ನಿಮ್ಮ ವಿಶ್ವಾಸವನ್ನು ಜನ ಓದುವುದು ನೀವು ಬರೆಯುವ ಪ್ರಯಾಣ ಭತ್ಯೆಯ ಬಿಲ್ಲಿನಲ್ಲಿ, ಸಹೋದ್ಯೋಗಿಯ ಕೆಲಸವನ್ನು ನಿಮ್ಮದೆಂದು ಹೇಳದೆ ಇರುವುದರಲ್ಲಿ, ಹೇಳಿದ ಹೊತ್ತಿಗೆ ಕೆಲಸ ಮುಗಿಸಿ ಕೊಡುವುದರಲ್ಲಿ.

ಕೈಕೆಳಗಿನವರಿಗೆ ಬೋಧಿಸಬೇಡಿ. ಸಂಬಳ ಹೆಚ್ಚಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಬಾಯಿಂದ ಬಂದ ಆಹ್ವಾನ ಆಹ್ವಾನವಾಗಿ ಉಳಿಯುವುದಿಲ್ಲ. ಯಾರಾದರೂ ತಾವಾಗಿಯೇ ಕೇಳಿದರೆ ಕೇಳಿದಷ್ಟಕ್ಕೆ ಉತ್ತರ ಕೊಡಿ. ಊಟದ ಡಬ್ಬಿ ತೆರೆಯುವ ಮುನ್ನ ಕ್ಷಣಹೊತ್ತು ತಲೆಬಾಗಿಸಿ ಸ್ತೋತ್ರ ಹೇಳುವುದಕ್ಕೆ ಸಂಕೋಚ ಬೇಡ, ಸುತ್ತಲಿನವರಿಗೆ ಕಾಣಲೆಂದು ಎಳೆಯುವುದೂ ಬೇಡ. ಮತ್ತಾಯ 6ನೆಯ ಅಧ್ಯಾಯದ ಮೊದಲ ಅರ್ಧ ಪೂರ್ತಿ ಇದರ ಬಗ್ಗೆಯೇ ಇದೆ.

6. ಮನಸ್ತಾಪ ಬಂದಾಗ

ಸಭೆಯೆಂದರೆ ಮನುಷ್ಯರ ಕೂಟ, ಜಗಳ ಬಂದೇ ಬರುತ್ತದೆ. ಹಾಡುಗಾರರ ತಂಡದಲ್ಲಿ, ಕಮಿಟಿಯ ಚುನಾವಣೆಯಲ್ಲಿ, ಯುವಕೂಟದ ಲೆಕ್ಕದಲ್ಲಿ. ಇದಕ್ಕೆ ಮತ್ತಾಯ 18ನೆಯ ಅಧ್ಯಾಯದಲ್ಲಿ ಮೆಟ್ಟಿಲುಗಳನ್ನೇ ಕೊಡಲಾಗಿದೆ. ಮೊದಲು ನೀವೊಬ್ಬರೇ ಹೋಗಿ ಅವರೊಬ್ಬರ ಜೊತೆ ಮಾತಾಡಿ. ಅವರು ಕೇಳದಿದ್ದರೆ ಒಬ್ಬರನ್ನೋ ಇಬ್ಬರನ್ನೋ ಜೊತೆಗೆ ಕರೆದೊಯ್ಯಿರಿ. ಆಗಲೂ ಆಗದಿದ್ದರೆ ಮಾತ್ರ ಸಭೆಗೆ ತಿಳಿಸಿ. ನಾವು ಮಾಡುವುದು ಇದಕ್ಕೆ ತಿರುವುಮುರುವು: ಮೊದಲು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುತ್ತೇವೆ, ಆಮೇಲೆ ಸಭಾಪಾಲಕರಿಗೆ ದೂರು ಕೊಡುತ್ತೇವೆ, ಸಂಬಂಧಪಟ್ಟವರ ಜೊತೆ ಮಾತ್ರ ಮಾತಾಡುವುದೇ ಇಲ್ಲ. ಮೊದಲ ಮೆಟ್ಟಿಲಿಗೆ ಫೋನ್ ಸಂದೇಶ ಬಳಸಬೇಡಿ, ಅವರ ಮನೆಗೆ ಹೋಗಿ. ಹೋಗುವ ಮುನ್ನ ನಿಮ್ಮ ಕಡೆಯ ತಪ್ಪು ಏನೆಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಜೊತೆ ಒಂದಾಗಿ ಬಾ ಎಂದು ಮತ್ತಾಯ 5ರಲ್ಲಿ ಹೇಳಿರುವುದರಿಂದ, ಕರ್ತನ ಭೋಜನ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ, ಇರುವ ಭಾನುವಾರದ ಹಿಂದಿನ ವಾರವನ್ನು ಇದಕ್ಕೆ ಮೀಸಲಿಡುವುದು ಒಳ್ಳೆಯ ರೂಢಿ.

ಇದಕ್ಕೆ ಒಂದು ದೊಡ್ಡ ಅಪವಾದವಿದೆ, ಅದನ್ನು ಒತ್ತಿ ಹೇಳಬೇಕು. ಹೊಡೆತ, ಲೈಂಗಿಕ ದೌರ್ಜನ್ಯ, ಮಕ್ಕಳ ಮೇಲಿನ ಹಿಂಸೆ ಇವು ಮನಸ್ತಾಪಗಳಲ್ಲ, ಅಪರಾಧಗಳು. ಪೆಟ್ಟು ತಿಂದವಳಿಗೆ ಕ್ಷಮಿಸಿ ಹೊಂದಿಕೊಂಡು ಹೋಗು ಎನ್ನುವ ಹಿರಿಯರು ಮತ್ತಾಯ 18ನೆಯ ಅಧ್ಯಾಯವನ್ನು ತಪ್ಪಾಗಿ ಬಳಸುತ್ತಿದ್ದಾರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ, ತಪ್ಪು ಮಾಡಿದವರು ಸಭೆಯ ಯಾವ ಸ್ಥಾನದಲ್ಲಿದ್ದರೂ ಸರಿ. ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181, ತುರ್ತಿಗೆ 112.

ಜಾತಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿದು ಬಂದವರು ಮದುವೆ ಸಂಬಂಧ ನೋಡುವಾಗ ಅವರು ಮೂಲದಲ್ಲಿ ಯಾರು ಎಂದು ದನಿ ತಗ್ಗಿಸಿ ಕೇಳುತ್ತಾರೆ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಇಲ್ಲದವರು ಹಸಿದಿರುತ್ತಿದ್ದಾಗ ಪೌಲನು ಬರೆದ ಕಟುವಾದ ಮಾತುಗಳು ಮೊದಲನೆಯ ಪತ್ರದ 11ನೆಯ ಅಧ್ಯಾಯದಲ್ಲಿವೆ. ನಿಮ್ಮ ಮನೆಯಲ್ಲಿ ಹೆಣ್ಣು ಗಂಡು ನೋಡುವ ಮಾತು ಬಂದಾಗ ಅದನ್ನು ಆ ದಿನದ ಓದಾಗಿ ಇಟ್ಟುಕೊಳ್ಳಿ.

7. ನೆರೆಹೊರೆಯ ಹಬ್ಬಗಳು

ಪಕ್ಕದ ಮನೆಯವರು ಪ್ರಸಾದ ತಂದುಕೊಟ್ಟರೆ ಏನು ಮಾಡಬೇಕು ಎಂಬುದು ನನಗೆ ಬರುವ ಪ್ರಶ್ನೆಗಳಲ್ಲಿ ಎರಡನೆಯ ಸ್ಥಾನದ್ದು. ಪೌಲನು ಈ ಪ್ರಶ್ನೆಯನ್ನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 8 ಮತ್ತು 10ನೆಯ ಅಧ್ಯಾಯಗಳಲ್ಲಿ ಎತ್ತಿಕೊಂಡಿದ್ದಾನೆ: ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ಪ್ರಶ್ನಿಸದೆ ಉಣ್ಣಿರಿ, ಇದು ನೈವೇದ್ಯವೆಂದು ಒಬ್ಬರು ತಿಳಿಸಿದರೆ ತಿಳಿಸಿದವರ ಮನಸ್ಸಾಕ್ಷಿಯ ಸಲುವಾಗಿ ಬಿಡಿರಿ. ಹಾಗಾಗಿ ಹಬ್ಬದೂಟಕ್ಕೆ, ಹೋಳಿಗೆಗೆ, ಎಳ್ಳುಬೆಲ್ಲಕ್ಕೆ ಹಿಂಜರಿಯಲು ಕಾರಣವಿಲ್ಲ. ಪ್ರಸಾದವೆಂದು ಹೇಳಿ ಕೊಟ್ಟಿದ್ದನ್ನು ಸ್ವೀಕರಿಸುವುದರ ಬಗ್ಗೆ ಕ್ರೈಸ್ತರಲ್ಲೇ ಭಿನ್ನ ಅಭಿಪ್ರಾಯಗಳಿವೆ. ತೆಗೆದುಕೊಳ್ಳದಿರಲು ನಿರ್ಧರಿಸಿದವರು, ನಾವು ಇದನ್ನು ತೆಗೆದುಕೊಳ್ಳುವ ರೂಢಿಯಿಲ್ಲ, ಬೇಸರ ಮಾಡಿಕೊಳ್ಳಬೇಡಿ ಎಂದು ಕೈಮುಗಿದು ಬಾಗಿಲಲ್ಲೇ ಹೇಳಿ. ಅದನ್ನು ಹೇಳಿದ ಮೇಲೆ ಅವರನ್ನು ಒಳಗೆ ಕರೆದು ಕಾಫಿ ಕೊಡಿ. ನಗುನಗುತ್ತಾ ತೆಗೆದುಕೊಂಡು ಅವರು ತಿರುಗಿದೊಡನೆ ಕಸದ ಬುಟ್ಟಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಕ್ರಿಸ್ಮಸ್‌ಗೆ ತಟ್ಟೆ ಕಳಿಸುವಾಗ ಮೊಟ್ಟೆ ಹಾಕದ ತಿಂಡಿಗಳನ್ನು ಬೇರೆಯಾಗಿಟ್ಟು, ಹಾಗೆಂದು ಹೇಳಿ ಕೊಡಿ. ಮಂಗಳೂರಿನವರ ಕುಸ್ವಾರಿನಲ್ಲಿ, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆಯಲ್ಲಿ, ನೆವ್ರ್ಯೊ, ಎಳ್ಳುಂಡೆಯಂಥವು ಇದಕ್ಕೆ ಅನುಕೂಲ. ತಡರಾತ್ರಿಯ ಕ್ಯಾರಲ್ ತಂಡವನ್ನು ಮನೆಗೆ ಕರೆಸುವುದಾದರೆ ಮೇಲಿನ ಮಹಡಿಯವರಿಗೆ ಎರಡು ದಿನ ಮುಂಚೆ ತಿಳಿಸಿ, ಅವರ ಮಗುವಿಗೆ ಪರೀಕ್ಷೆಯಿದೆಯೇ ಎಂದೂ ವಿಚಾರಿಸಿ.

ಲೆಂಟ್, ಕಥೋಲಿಕರ ಮಾತಿನಲ್ಲಿ ತಪಸ್ಸುಕಾಲ, ಈಸ್ಟರಿಗೆ ಮುಂಚಿನ ಭಾನುವಾರಗಳನ್ನು ಬಿಟ್ಟು ನಲವತ್ತು ದಿನಗಳ ಉಪವಾಸದ ಕಾಲ. ಮಾಂಸ ಬಿಡುವವರು ಅದರಲ್ಲಿ ಉಳಿದ ಹಣವನ್ನು ನೆರವಿನ ಲಕೋಟೆಗೆ ಹಾಕಿ; ಯೆಶಾಯನ ಗ್ರಂಥದ 58ನೆಯ ಅಧ್ಯಾಯ ಹಸಿದವನಿಗೆ ಅನ್ನ ಹಂಚುವುದನ್ನೇ ಉಪವಾಸ ಎನ್ನುತ್ತದೆ. ಕೋಳಿ ಬಿಟ್ಟು ಅದರ ಎರಡರಷ್ಟು ದುಡ್ಡಿಗೆ ಪನೀರ್ ತಂದರೆ ಲಕೋಟೆಗೆ ಏನೂ ಬೀಳುವುದಿಲ್ಲ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಎದೆಹಾಲು ಕುಡಿಸುವವರು ಊಟ ಬಿಡಬಾರದು, ಬಿಡಲೇಬೇಕೆನಿಸಿದರೆ ವೈದ್ಯರನ್ನು ಕೇಳಿ. ಊಟದ ಬದಲು ಧಾರಾವಾಹಿಯನ್ನೋ ಮೊಬೈಲಿನ ಆಟವನ್ನೋ ಬಿಡಬಹುದು.

8. ತಪ್ಪಿಹೋದಾಗ

ತಪ್ಪಿಯೇ ತಪ್ಪುತ್ತದೆ. ಊರಿಗೆ ಹೋಗುತ್ತೀರಿ, ಮಗುವಿಗೆ ಜ್ವರ ಬರುತ್ತದೆ, ಕಚೇರಿಯಲ್ಲಿ ತಿಂಗಳ ಕೊನೆಯ ಒತ್ತಡ ಬರುತ್ತದೆ, ಚಾಪೆ ಹಾಸದೆ ಹತ್ತು ದಿನ ಕಳೆದಿರುತ್ತದೆ. ಆಗ ಬಹಳ ಜನ ಬಿಟ್ಟುಹೋದ ಹತ್ತು ದಿನದ ಓದನ್ನೂ ಒಂದೇ ರಾತ್ರಿ ಮುಗಿಸಲು ಕೂರುತ್ತಾರೆ, ಆಗದೆ ಸೋತು ಪೂರ್ತಿ ನಿಲ್ಲಿಸುತ್ತಾರೆ. ಬಿಟ್ಟದ್ದನ್ನು ತುಂಬಿಸಲು ಹೋಗಬೇಡಿ. ಪುಸ್ತಕದಲ್ಲಿ ಗುರುತಿನ ಚೀಟಿ ಎಲ್ಲಿದೆಯೋ ಅಲ್ಲಿಂದ ಮುಂದಿನ ಹನ್ನೊಂದು ವಚನಗಳನ್ನು ಓದಿ, ಆ ದಿನ ಗೀತೆ ಬಿಟ್ಟರೂ ನಡೆಯುತ್ತದೆ. ಲಕೋಟೆಗೆ ಒಂದು ತಿಂಗಳು ಹಣ ಹಾಕಲಾಗದಿದ್ದರೆ ಮುಂದಿನ ತಿಂಗಳು ಎರಡರಷ್ಟು ಹಾಕುವ ಹರಕೆ ಹೊರಬೇಡಿ, ಎಂದಿನಷ್ಟನ್ನೇ ಹಾಕಿ. ಆರಾಧನೆಗೆ ಒಂದು ತಿಂಗಳು ಹೋಗದೆ ಮುಖ ತೋರಿಸಲು ನಾಚಿಕೆಯಾಗುತ್ತಿದ್ದರೆ ಮನೆಕೂಟದ ಒಬ್ಬರಿಗೆ ಶನಿವಾರ ಸಂಜೆ ಫೋನ್ ಮಾಡಿ, ನಾಳೆ ನಿಮ್ಮ ಜೊತೆಯೇ ಬರುತ್ತೇನೆ, ಗೇಟಿನ ಹತ್ತಿರ ಕಾಯಿರಿ ಎಂದು ಹೇಳಿ.